ಅರಿಶಿನದ ಕಷಾಯಕ್ಕೆ ಬ್ಲಾಂಕ್ ಟೈಟ್ರೇಷನ್ ಮಾಡಿದ್ದೀರಾ?

ನಮ್ಮಮ್ಮ ಎಂಟು ತಿಂಗಳಿಂದ ಮನೇಲಿ ಅರಿಶಿನದ ಕಷಾಯ ಮಾಡಿಲ್ಲ. ಮೈಸೂರಿನ ಮನೆಯಲ್ಲಿ, ಅದರಲ್ಲೂ ಗುಂಡ್ಲುಪೇಟೆ ಕಡೆಯ ಅಜ್ಜಿ ಇರೋ ಮನೆಯಲ್ಲಿ, ಇದು ಸಣ್ಣ ವಿಷಯ ಅಲ್ಲ. ಯಾಕೆ ನಿಂತುಹೋಯ್ತು ಅಂತ ಮೊದಲು ಹೇಳ್ತೀನಿ. ಅದು ಮತ್ತೆ ಶುರುವಾಗ್ಬೇಕು ಅಂತ ಆಮೇಲೆ ವಾದ ಮಾಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಭಾಷೆ ಅಲ್ಲಲ್ಲಿ ಎಡವಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೂರನೇ ಸೆಮಿಸ್ಟರ್, ಮಳೆಗಾಲ, ಇಂಟರ್ನಲ್ಸ್ ಹತ್ತಿರ. ಒಂದು ಭಾನುವಾರ ಸಂಜೆ ನಂಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂದೆ ಒಂಥರಾ ನೋವು. ಅಮ್ಮ ಎಂದಿನಂತೆ ಅರಿಶಿನ, ಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿದ್ರು. ದಿನಕ್ಕೆ ಮೂರು ಹೊತ್ತು ಅದೇ. ಜೊತೆಗೆ ಪ್ಯಾರಸಿಟಮಾಲ್. ಬುಧವಾರ ಅಪ್ಪ "ಒಂದು ಬ್ಲಡ್ ಟೆಸ್ಟ್ ಮಾಡಿಸ್ಬಿಡೋಣ" ಅಂದ್ರು. ನಾನೇ ಬೇಡ ಅಂದೆ. ಶುಕ್ರವಾರ ಪೇಪರ್ ಇತ್ತು. ಡಾಕ್ಟರ್ ಹತ್ರ ಹೋದ್ರೆ ರೆಸ್ಟ್ ಮಾಡು ಅಂತಾರೆ ಅನ್ನೋ ಭಯ. "ಕಷಾಯ ಕುಡೀತಾ ಇದ್ದೀನಲ್ಲ ಅಪ್ಪ, ಹೋಗತ್ತೆ ಬಿಡಿ" ಅಂತ ಹೇಳಿ ಮಲಗಿದೆ.

ಗುರುವಾರ ಜ್ವರ ಬಿಟ್ಟೇಬಿಡ್ತು. ಅಮ್ಮ ಖುಷಿಯಾಗಿ "ನೋಡಿದ್ಯಾ ಪುಟ್ಟಿ, ಅರಿಶಿನ ಅಂದ್ರೆ ಸುಮ್ನೆ ಅಲ್ಲ" ಅಂದ್ರು. ಶುಕ್ರವಾರ ಪೇಪರ್ ಅರ್ಧ ಬರೆಯೋಷ್ಟರಲ್ಲಿ ಹೊಟ್ಟೆನೋವು, ವಾಂತಿ, ತಲೆಸುತ್ತು. ಅಲ್ಲಿಂದ ನೇರ ಆಸ್ಪತ್ರೆ. ಡೆಂಗಿ. ಪ್ಲೇಟ್‌ಲೆಟ್ 38,000. ನಾಲ್ಕು ದಿನ ಡ್ರಿಪ್ ಹಾಕಿ ಮಲಗಿಸಿದ್ರು.

ಅಲ್ಲಿ ಡಾಕ್ಟರ್ ಹೇಳಿದ ಒಂದು ಮಾತು ನನ್ನ ತಲೇಲಿ ಕೂತುಬಿಟ್ಟಿದೆ. ಡೆಂಗಿಯಲ್ಲಿ ಜ್ವರ ಸಾಮಾನ್ಯವಾಗಿ ಮೂರರಿಂದ ಏಳು ದಿನದೊಳಗೆ ತಾನಾಗೇ ಇಳಿಯತ್ತೆ. ಅಪಾಯ ಶುರುವಾಗೋದೂ ಆಗಲೇ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನದಲ್ಲಿ ಕೆಲವರಿಗೆ ರಕ್ತನಾಳದಿಂದ ದ್ರವ ಸೋರಿ ಬಿಪಿ ಕುಸಿಯಬಹುದು. ಅಂದ್ರೆ ನಾವು "ಕಷಾಯ ಕೆಲಸ ಮಾಡ್ತು" ಅಂತ ಸಂಭ್ರಮ ಪಟ್ಟ ದಿನಾನೇ ಅತಿ ಹೆಚ್ಚು ಹುಷಾರಾಗಿರ್ಬೇಕಾದ ದಿನ. ಕಾಯಿಲೆ ತನ್ನ ಪಾಡಿಗೆ ತಾನು ಮಾಡಿದ ಕೆಲಸದ ಕ್ರೆಡಿಟ್ ಅರಿಶಿನಕ್ಕೆ ಹೋಗಿತ್ತು.

ಅಮ್ಮ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತು ಅತ್ತಿದ್ದು ನಂಗೆ ಆಮೇಲೆ ಗೊತ್ತಾಯ್ತು. ಡಿಸ್ಚಾರ್ಜ್ ಆಗಿ ಬಂದ ಮೇಲೆ ಕಷಾಯದ ಸುದ್ದಿಯೇ ಇಲ್ಲ.

ಈಗ ವಾದಕ್ಕೆ ಬರ್ತೀನಿ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಸಿಒಡಿ ಪ್ರಯೋಗ ಮಾಡಿದ್ದು ನೆನಪಿದೆಯಾ? ಕೊಳಚೆ ನೀರಿನ ಸ್ಯಾಂಪಲ್‌ಗೆ ಟೈಟ್ರೇಷನ್ ಮಾಡಿದ್ರೆ ಮುಗೀಲಿಲ್ಲ. ಸ್ಯಾಂಪಲ್ ಬದಲು ಡಿಸ್ಟಿಲ್ಡ್ ವಾಟರ್ ಹಾಕಿ ಇನ್ನೊಂದು ಸಲ, ಬ್ಲಾಂಕ್ ಅಂತ, ಮಾಡ್ಲೇಬೇಕಿತ್ತು. ಬ್ಲಾಂಕ್ ರೀಡಿಂಗ್ ಇಲ್ದೆ ರೆಕಾರ್ಡ್ ಕೊಟ್ರೆ ಮೇಡಂ ಸೈನ್ ಹಾಕ್ತಿರ್ಲಿಲ್ಲ. ಕಷಾಯದ ವಿಷಯದಲ್ಲಿ ನಾವ್ಯಾರೂ ಬ್ಲಾಂಕ್ ಮಾಡಿಲ್ಲ. ಸಾಮಾನ್ಯ ಶೀತ ಏನೂ ಮಾಡದಿದ್ರೂ ಒಂದು ವಾರ, ಹತ್ತು ದಿನಕ್ಕೆ ಹೋಗತ್ತೆ. ಐದನೇ ದಿನ ಕಷಾಯ ಕುಡಿದು ಏಳನೇ ದಿನ ಮೂಗು ಸರಿಹೋದ್ರೆ ಅದು ಕಷಾಯದ ರೀಡಿಂಗೋ, ಬ್ಲಾಂಕ್ ರೀಡಿಂಗೋ?

ಇದನ್ನ ಹೇಳಿದ ತಕ್ಷಣ ಕ್ಲಾಸಲ್ಲಿ ಎರಡು ಪಾರ್ಟಿ ಆಗತ್ತೆ. ಒಂದು ಪಾರ್ಟಿ "ನಮ್ಮ ಹಿರಿಯರು ದಡ್ಡರಾ?" ಅನ್ನತ್ತೆ. ಇನ್ನೊಂದು "ಎಲ್ಲಾ ಪ್ಲಸೀಬೊ ಮಗಾ" ಅಂತ ನಗತ್ತೆ. ನಂಗೆ ಇಬ್ಬರ ಮೇಲೂ ಸಿಟ್ಟಿದೆ, ಯಾಕಂದ್ರೆ ಇಬ್ಬರೂ ಲೆಕ್ಕ ಹಾಕಿಲ್ಲ.

ಲೆಕ್ಕ ಹಾಕೋಣ. "ಮೆಣಸು ಸೇರಿಸಿದ್ರೆ ಅರಿಶಿನದ ಶಕ್ತಿ 2000 ಪರ್ಸೆಂಟ್ ಹೆಚ್ಚತ್ತೆ" ಅನ್ನೋ ರೀಲ್ ನೀವೂ ನೋಡಿರ್ತೀರ. ಆ ಸಂಖ್ಯೆ ಸುಳ್ಳಲ್ಲ. ಅದು ಬಂದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಿಂದ, 1998ರಲ್ಲಿ ಪ್ರಕಟವಾದ ಅಧ್ಯಯನದಿಂದ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಲ್ಲಿ ಸರಿಯಾಗಿ ಕರಗಲ್ಲ, ಹೊಟ್ಟೆಗೆ ಹೋದ್ರೂ ರಕ್ತಕ್ಕೆ ಸೇರೋದು ತೀರಾ ಕಮ್ಮಿ. ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ ಬಹಳ ಏರ್ತು. ಆದ್ರೆ ಅಲ್ಲಿ ಒಬ್ಬೊಬ್ಬರಿಗೆ ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್, 20 ಮಿಲಿಗ್ರಾಂ ಪೈಪರಿನ್.

ಅಮ್ಮ ಹಾಕೋದು ಅರ್ಧ ಚಮಚ ಪುಡಿ, ಸುಮಾರು ಒಂದೂವರೆ ಗ್ರಾಂ. ಅದರಲ್ಲಿ ಕರ್ಕ್ಯುಮಿನ್ ಶೇಕಡಾ 3ರಷ್ಟು ಅಂತ ಹಿಡಿದ್ರೆ 45 ಮಿಲಿಗ್ರಾಂ. 2 ಗ್ರಾಂ ತಲುಪೋಕೆ ನಾನು ಒಂದೇ ಸಲಕ್ಕೆ 44 ಲೋಟ ಕುಡೀಬೇಕು! ಇನ್ನೊಂದು ವಿಷಯ: ಸೊನ್ನೆಗೆ ಹತ್ತಿರ ಇರೋ ಸಂಖ್ಯೆಯನ್ನ ಇಪ್ಪತ್ತು ಪಟ್ಟು ಮಾಡಿದ್ರೂ ಅದು ಚಿಕ್ಕ ಸಂಖ್ಯೇನೇ. ಮುಖ್ಯವಾಗಿ, ಆ ಅಧ್ಯಯನ ಅಳೆದಿದ್ದು ರಕ್ತದಲ್ಲಿ ಕರ್ಕ್ಯುಮಿನ್ ಎಷ್ಟಿದೆ ಅಂತ. ಯಾರ ಶೀತ ವಾಸಿಯಾಯ್ತು ಅಂತ ಅಲ್ಲ. ರೀಲ್ ಮಾಡಿದವರು ಈ ಎರಡು ಸಾಲು ಓದಿಲ್ಲ, ಅಷ್ಟೇ.

"ಅಮೆರಿಕದವರೇ ಪೇಟೆಂಟ್ ಮಾಡೋಕೆ ಬಂದಿದ್ರಲ್ಲ" ಅನ್ನೋ ಮಾತೂ ಬರತ್ತೆ. ನಿಜ. 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ, ಗಾಯಕ್ಕೆ ಅರಿಶಿನ ಹಚ್ಚೋದರ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಹಳೇ ಗ್ರಂಥ, ಹಳೇ ಲೇಖನ ಎಲ್ಲ ಮುಂದಿಟ್ಟು ವಾದ ಮಾಡಿ 1997ರಲ್ಲಿ ಅದನ್ನ ರದ್ದು ಮಾಡಿಸ್ತು. ಅದೇ ಸಿಎಸ್‌ಐಆರ್‌ನ ಒಂದು ಲ್ಯಾಬ್ ನಮ್ಮೂರಿನ ಚೆಲುವಾಂಬ ಮ್ಯಾನ್ಷನ್ನಿನ ಸಿಎಫ್‌ಟಿಆರ್‌ಐ. ಹೆಮ್ಮೆ ಪಡೋ ವಿಷಯಾನೇ. ಆದ್ರೆ ಗೆದ್ದಿದ್ದು ಯಾವ ವಾದ? "ಇದು ಹೊಸದಲ್ಲ, ನಮ್ಮಜ್ಜಿಯರಿಗೆ ಮೊದಲೇ ಗೊತ್ತಿತ್ತು" ಅನ್ನೋ ವಾದ. "ಇದು ಎಲ್ಲ ಕಾಯಿಲೆ ವಾಸಿ ಮಾಡತ್ತೆ" ಅನ್ನೋದಲ್ಲ. ಮತ್ತೆ ಗೆದ್ದಿದ್ದು ಕೂಗಾಡಿ ಅಲ್ಲ, ದಾಖಲೆ ತೋರಿಸಿ.

ಹಾಗಾದ್ರೆ ಕಷಾಯದಿಂದ ಏನೂ ಉಪಯೋಗ ಇಲ್ವಾ? ಇದೆ. ಬಿಸಿಬಿಸಿ ಕುಡಿದ್ರೆ ಗಂಟಲಿಗೆ ಹಿತ. ಕಟ್ಟಿದ ಮೂಗಿಗೆ ಆ ಹಬೆ ಆರಾಮು. ಊಟ ಸೇರದ ದಿನ ಹೊಟ್ಟೆಗೆ ಒಂದಿಷ್ಟು ನೀರು, ಒಂದಿಷ್ಟು ಬೆಲ್ಲ ಹೋಗತ್ತೆ. ಅಜ್ಜಿಯನ್ನ ಕೇಳಿದೆ: "ಅಜ್ಜಿ, ಇದರಿಂದ ಜ್ವರ ಹೋಗತ್ತಾ?" ಅಜ್ಜಿ ಹೇಳಿದ್ದು: "ಜ್ವರ ಯಾಕವ್ವ ಹೋಯ್ತದೆ? ಗಂಟ್ಲು ಹಗುರಾಯ್ತದೆ, ನಿದ್ದೆ ಬತ್ತದೆ." ಚಾಮರಾಜನಗರ ಜಿಲ್ಲೆಯಲ್ಲಿ ಅರಿಶಿನ ಬೆಳೆದು, ಒಂಬತ್ತು ತಿಂಗಳು ಕಾದು, ಗೆಡ್ಡೆ ಬೇಯಿಸಿ, ಬಿಸಿಲಿಗೆ ಒಣಗಿಸಿ, ಈರೋಡ್ ಮಾರ್ಕೆಟ್‌ಗೆ ಕಳಿಸಿದ ಮನೆಯವರು ಅವರು. ಅರಿಶಿನದ ಬಗ್ಗೆ ಅವರು ಹೇಳಿಕೊಂಡಿದ್ದು ಇಷ್ಟೇ. ದೊಡ್ಡದು ಮಾಡಿದ್ದು ನಮ್ಮ ಕಾಲದ ಫಾರ್ವರ್ಡ್‌ಗಳು.

2020ರಲ್ಲಿ ಕೋವಿಡ್ ಬಂದಾಗ ಆಯುಷ್ ಸಚಿವಾಲಯ 150 ಎಂಎಲ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ, ದಿನಕ್ಕೆ ಒಂದೋ ಎರಡೋ ಸಲ ಅಂತ ಹೇಳಿತ್ತು, ಅದೂ ರೋಗನಿರೋಧಕ ಶಕ್ತಿಗೆ ಅಂತ. ನಾನಾಗ ಹೈಸ್ಕೂಲು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರೋ ಹೊತ್ತಿಗೆ ಅದು ದೊಡ್ಡ ಚಮಚ, ಮೂರು ಹೊತ್ತು, "ವೈರಸ್ ಸಾಯತ್ತೆ" ಅಂತ ಆಗಿತ್ತು.

ಇನ್ನು ಕ್ಯಾಪ್ಸೂಲ್ ವಿಷಯ. ಅಡುಗೆಗೆ ಹಾಕೋ ಅರಿಶಿನ ಬೇರೆ, ಕರ್ಕ್ಯುಮಿನ್ ಸಾರ ತೆಗೆದು ತುಂಬಿದ ಮಾತ್ರೆ ಬೇರೆ. 2019ರಲ್ಲಿ ಇಟಲಿಯಲ್ಲಿ ಇಂಥ ಸಪ್ಲಿಮೆಂಟ್ ತಗೊಂಡವರಲ್ಲಿ ಲಿವರ್ ಊತದ ಕೇಸ್‌ಗಳು ಕಂಡು ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡ್ಬೇಕಾಯ್ತು. ರಕ್ತ ತೆಳುವಾಗೋಕೆ ಮಾತ್ರೆ ತಗೊಳ್ಳೋ ತಾತಂದಿರು, ಪಿತ್ತಕೋಶದಲ್ಲಿ ಕಲ್ಲಿರೋರು ಡಾಕ್ಟರನ್ನ ಕೇಳದೆ ಅದನ್ನ ಮುಟ್ಟಬಾರದು. ಜಿಮ್ ಗೆಳೆಯರೇ, ಇದು ನಿಮಗೂ.

ಸರಿ, ಮಾಡೋದು ಹೇಗೆ ಅಂತಾನೂ ಹೇಳ್ಬಿಡ್ತೀನಿ, ಹಾಸ್ಟೆಲ್‌ನವರಿಗೆ ಬೇಕಾಗತ್ತೆ. ಒಂದು ದೊಡ್ಡ ಲೋಟ ನೀರಿಗೆ ಅರ್ಧ ಚಮಚ ಅರಿಶಿನ, ಕುಟ್ಟಿದ ನಾಲ್ಕೈದು ಕರಿಮೆಣಸು, ಜಜ್ಜಿದ ಸಣ್ಣ ಚೂರು ಶುಂಠಿ. ಸಣ್ಣ ಉರಿಯಲ್ಲಿ ಮುಕ್ಕಾಲು ಲೋಟಕ್ಕೆ ಇಳಿಯೋವರೆಗೆ ಕುದಿಸಿ, ಬೆಲ್ಲ ಹಾಕಿ, ಸೋಸಿ. ಬೇಕಿದ್ರೆ ಸ್ವಲ್ಪ ಹಾಲು. ಕರ್ಕ್ಯುಮಿನ್ ಕೊಬ್ಬಲ್ಲಿ ಕರಗೋದ್ರಿಂದ ಹಾಲು ಹಾಕೋ ಅಭ್ಯಾಸಕ್ಕೆ ಅರ್ಥ ಇದೆ. ರೂಮ್‌ಮೇಟ್ ಕೆಟಲ್‌ನಲ್ಲಿ ಮಾತ್ರ ಮಾಡ್ಬೇಡಿ, ಹಳದಿ ಕಲೆ ಹೋಗಲ್ಲ, ಸ್ನೇಹ ಹೋಗತ್ತೆ. ಕಲೆಗೆ ಸೋಪು ಹಚ್ಚಿದ್ರೆ ಕೆಂಪಾಗತ್ತೆ. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದಾಗ ಆಗೋದೂ ಅದೇ: ಕರ್ಕ್ಯುಮಿನ್ ಒಂದು ಇಂಡಿಕೇಟರ್, ಕ್ಷಾರ ಸಿಕ್ಕಿದ್ರೆ ಕೆಂಪು.

ಸಾಧ್ಯವಾದ್ರೆ ದೇವರಾಜ ಮಾರ್ಕೆಟ್ ಕಡೆ ಹೋದಾಗ ಅರಿಶಿನದ ಕೊಂಬು ತಂದು ಪುಡಿ ಮಾಡಿಸ್ಕೊಳ್ಳಿ. ಪುಡಿಗೆ ಮೆಟಾನಿಲ್ ಯೆಲ್ಲೋ, ಲೆಡ್ ಕ್ರೋಮೇಟ್ ಥರದ ಬಣ್ಣ ಬೆರೆಸೋರಿದ್ದಾರೆ. ಸೀಸ ಅಂದ್ರೆ ಏನು ಅಂತ ನಿಮಗೆ ಹೇಳ್ಬೇಕಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಅಲ್ಲಾಡಿಸದೆ ಬಿಡಿ. ಶುದ್ಧ ಪುಡಿ ತಿಳಿ ಹಳದಿ ಬಿಟ್ಟು ಕೆಳಗೆ ಕೂರತ್ತೆ. ಬಣ್ಣ ಬೆರೆಸಿದ್ದು ನೀರನ್ನ ಗಾಢ ಹಳದಿ ಮಾಡತ್ತೆ. ಬರೀ ಅರಿಶಿನದ ಮಹಿಮೆ ಹಾಡೋ ಬದಲು ಈ ಟೆಸ್ಟ್ ಒಂದು ಸಲ ಮಾಡಿ.

ಕಷಾಯಕ್ಕೆ ಒಂದು ಗಡಿ ಇರ್ಬೇಕು ಅನ್ನೋದೇ ನನ್ನ ವಾದ. ಶೀತ, ಗಂಟಲು ಕೆರೆತಕ್ಕೆ ಆರಾಮಾಗಿ ಕುಡೀರಿ. ಜ್ವರ ಎರಡು ದಿನ ದಾಟಿದ್ರೆ, ಅದೂ ಮಳೆಗಾಲದಲ್ಲಿ, ಕಷಾಯ ಮುಂದುವರಿಸಿ ಪರವಾಗಿಲ್ಲ, ಆದ್ರೆ ರಕ್ತ ಪರೀಕ್ಷೆಗೆ ಹೋಗಿ. ಡೆಂಗಿಯ ಎನ್‌ಎಸ್1 ಟೆಸ್ಟ್ ಮೊದಲ ಕೆಲವು ದಿನದಲ್ಲೇ ಚೆನ್ನಾಗಿ ಹಿಡಿಯೋದು. ಐಬುಪ್ರೊಫೆನ್, ಆಸ್ಪಿರಿನ್ ನುಂಗ್ಬೇಡಿ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ, ವಸಡಲ್ಲಿ ರಕ್ತ ಬಂದ್ರೆ ಒಂದು ಗಂಟೆಯೂ ಕಾಯ್ಬೇಡಿ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ಸುಮ್ನೆ ಅಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಅಮ್ಮ ತಮ್ಮದೇ ತಪ್ಪು ಅಂದ್ಕೊಂಡಿದ್ದಾರೆ. ಅಲ್ಲ. ಅಮ್ಮ ತನಗೆ ಗೊತ್ತಿದ್ದನ್ನ ಮಾಡಿದ್ರು, ಅಪ್ಪ ಟೆಸ್ಟ್ ಮಾಡಿಸೋಣ ಅಂದ್ರು. ಫೋನ್ ಕೈಯಲ್ಲಿಟ್ಕೊಂಡು, ಲ್ಯಾಬಲ್ಲಿ ಬ್ಲಾಂಕ್ ತೆಗೆದು ಮಾರ್ಕ್ಸ್ ತಗೊಂಡ ನಾನು ಕಷಾಯವನ್ನ ನೆಪ ಮಾಡ್ಕೊಂಡೆ. ನಂಗೆ ಬೇಕಿದ್ದಿದ್ದು ಔಷಧಿ ಅಲ್ಲ, ಟೆಸ್ಟ್ ತಪ್ಪಿಸ್ಕೊಳ್ಳೋಕೆ ಒಂದು ಕಾರಣ. ನಮ್ಮಲ್ಲಿ ಎಷ್ಟೋ ಜನ ಹೀಗೇ ಮಾಡ್ತೀವಿ. ಹೆಸರು ಸಂಪ್ರದಾಯದ್ದು, ಅವಸರ ನಮ್ಮದು.

ಈ ವಾರ ಗಂಟಲು ಕೆರೆತ ಶುರುವಾಗಿದೆ. ಜ್ವರ ಇಲ್ಲ, ಥರ್ಮಾಮೀಟರ್ ಇಟ್ಟು ನೋಡಿದೆ. ಇವತ್ತು ಸಂಜೆ ಅಡುಗೆಮನೆಗೆ ಹೋಗಿ ಅಮ್ಮನ್ನ ಕೇಳ್ತೀನಿ, "ಅಮ್ಮಾ, ಒಂದು ಲೋಟ ಕಷಾಯ ಮಾಡಿಕೊಡ್ತೀರಾ?" ಬೇಡ ಅಂದ್ರೆ ನಾನೇ ಮಾಡಿ ಅವರಿಗೂ ಅರ್ಧ ಲೋಟ ಕೊಡ್ತೀನಿ.