ಹೊಲದ ಹುಡುಗರಿಗೆ ಟ್ರ್ಯಾಕ್ಟರ್ ಕಲಿಸಿ: ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,



ಸುಗ್ಗಿಯ ದಿನಗಳಲ್ಲಿ ಮಂಡ್ಯ, ಹಾಸನ, ತುಮಕೂರು ಕಡೆಯ ಹಳ್ಳಿಗಳಿಗೆ ಬಂದು ನೋಡಿ. ರಾಗಿ ಹರಡಿದ ಕಣದಲ್ಲಿ ಟ್ರ್ಯಾಕ್ಟರ್ ಸುತ್ತು ಹೊಡೆಯುತ್ತಿರುತ್ತದೆ. ಎಷ್ಟೋ ಕಡೆ ಸ್ಟೀರಿಂಗ್ ಹಿಡಿದಿರುವವನು ಹೈಸ್ಕೂಲಿನ ಹುಡುಗ. ಅಪ್ಪ ಲೋ ಗೇರ್ ಹಾಕಿಕೊಟ್ಟು ಇಳಿದಿರುತ್ತಾನೆ, ಅವ್ವ ಮತ್ತು ಚಿಕ್ಕಮ್ಮ ಚಕ್ರದ ಹಿಂದೆಯೇ ಹುಲ್ಲು ತಿರುವಿ ಹಾಕುತ್ತಿರುತ್ತಾರೆ. ನಮ್ಮ ರೈತರ ಮಕ್ಕಳ ಡ್ರೈವಿಂಗ್ ಶಾಲೆ ಇದೇ. ಮರುವರ್ಷ ಅದೇ ಹುಡುಗ ರೋಟವೇಟರ್ ಹೊಡೆಯುತ್ತಾನೆ. ಅದರ ಮುಂದಿನ ವರ್ಷ ಕಬ್ಬು ತುಂಬಿದ ಟ್ರೇಲರ್ ಎಳೆದುಕೊಂಡು ನಾಲೆ ಏರಿಯ ಮೇಲೆ ಬರುತ್ತಾನೆ. ಕಣದಲ್ಲಿ ಅವನು ಕಲಿತದ್ದು ಸ್ಟೀರಿಂಗ್ ತಿರುಗಿಸುವುದನ್ನಷ್ಟೇ. ಉಳಿದದ್ದನ್ನು ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಹೇಳಿಕೊಡುವ ಹೊಣೆಯನ್ನು ತಮ್ಮ ಇಲಾಖೆ ಹೊರಬೇಕು ಎಂದು ಕೇಳುವುದಕ್ಕೆ ಈ ಪತ್ರ.

ಕಾನೂನು ಇದೆಯಲ್ಲ ಎನ್ನಬಹುದು. ಇದೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಟ್ರ್ಯಾಕ್ಟರ್ ಓಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಇನ್ನೂ ಬಿಗಿಯಾದದ್ದು: ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಇಲ್ಲವೇ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ, ರಸ್ತೆಯ ಮೇಲೆ ಈ ಕಾನೂನು ಬೇಕು. ಆದರೆ ಅದು ರಸ್ತೆಯ ಅಂಚಿಗೆ ಬಂದು ನಿಂತುಬಿಡುತ್ತದೆ. ಸ್ವಂತ ಗದ್ದೆ, ತೋಟ, ಕಣ ಸಾರ್ವಜನಿಕ ಸ್ಥಳಗಳಲ್ಲ. ಟ್ರ್ಯಾಕ್ಟರ್ ಮಗುಚಿ ಜೀವ ಹೋಗುವುದು ಇಂಥ ಜಾಗಗಳಲ್ಲೂ ಹೌದು, ಮತ್ತು ಅಲ್ಲಿ ಪೊಲೀಸರೂ ಇಲ್ಲ, ಮೇಷ್ಟರೂ ಇಲ್ಲ. ಇನ್ನು 18 ತುಂಬಿದ ಮೇಲೆ ಏನಾಗುತ್ತದೆ? ಕಾಯ್ದೆಯ ಲೆಕ್ಕದಲ್ಲಿ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನವೇ. ಕಾರಿನಲ್ಲಿ ಎಂಟು ಬರೆದು ಲೈಸೆನ್ಸ್ ಪಡೆದವನು ಮರುದಿನ ಟ್ರ್ಯಾಕ್ಟರ್ ಏರಬಹುದು. ಕೆಸರಿನಲ್ಲಿ ಹೂತ ಯಂತ್ರವನ್ನು ಹೊರತೆಗೆಯುವುದು ಹೇಗೆ ಎಂದು ಅವನನ್ನು ಎಲ್ಲಿಯೂ ಯಾರೂ ಕೇಳುವುದಿಲ್ಲ.

ಆ ಕೆಸರಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಟಿಗೆ ಮುಂಚೆ ಕೇಜ್‌ವೀಲ್ ಹಾಕಿ ಗದ್ದೆ ಕಲಸುವಾಗ ಹಿಂದಿನ ಚಕ್ರಗಳು ಹೂತುಕೊಳ್ಳುತ್ತವೆ. ಹುಡುಗ ಮಾಡುವ ಮೊದಲ ಕೆಲಸ ಆಕ್ಸಿಲರೇಟರ್ ಏರಿಸಿ ಮುಂದಕ್ಕೆ ಒತ್ತುವುದು. ಆಗದಿದ್ದರೆ ಚಕ್ರದ ಮುಂದೆ ಮರದ ತುಂಡು ಕೊಟ್ಟು ಮತ್ತೆ ಒತ್ತುತ್ತಾನೆ, ಊರಿನ ದೊಡ್ಡವರೂ ಹಾಗೆಯೇ ಮಾಡುವುದನ್ನು ಅವನು ನೋಡಿದ್ದಾನೆ. ಚಕ್ರ ತಿರುಗಲಾಗದೆ ಸಿಕ್ಕಿಕೊಂಡಾಗ ಎಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಆಕ್ಸಲ್ಲಿನ ಸುತ್ತ ಇಡೀ ಟ್ರ್ಯಾಕ್ಟರ್ ತಿರುಗತೊಡಗುತ್ತದೆ. ಮುಂದಿನ ಚಕ್ರಗಳು ನೆಲ ಬಿಡುತ್ತವೆ, ಮೂತಿ ಮೇಲೇಳುತ್ತದೆ. ಒಂದು ಹಂತ ದಾಟಿದರೆ ಕ್ಲಚ್ ಒತ್ತಿದರೂ ಉಳಿಗಾಲವಿಲ್ಲ, ಆ ಹಂತ ತಲುಪಲು ಒಂದು ಸೆಕೆಂಡೂ ಬೇಕಾಗಿಲ್ಲ. ಇನ್ನೊಂದು ಸೆಕೆಂಡಿನೊಳಗೆ ಯಂತ್ರ ಹಿಂದಕ್ಕೆ ಮಗುಚಿ ಕೂತವನ ಮೇಲೆ ಬಿದ್ದಿರುತ್ತದೆ. ಗಾಬರಿಯಾದ ಹುಡುಗನ ಕಾಲು ಅಷ್ಟರಲ್ಲಿ ಕ್ಲಚ್ ಹುಡುಕುತ್ತಾ ಇರುತ್ತದೆ.

ಇದನ್ನು ತಪ್ಪಿಸಲು ದೊಡ್ಡ ವಿದ್ಯೆಯೇನೂ ಬೇಡ. ಹೂತುಕೊಂಡರೆ ಮುಂದಕ್ಕೆ ಒತ್ತಬೇಡ, ರಿವರ್ಸ್‌ನಲ್ಲಿ ನಿಧಾನವಾಗಿ ಬಾ. ಬರದಿದ್ದರೆ ಎಂಜಿನ್ ಆರಿಸಿ ಇಳಿ, ಚಕ್ರದ ಸುತ್ತಲ ಮಣ್ಣು ತೆಗೆ, ಇನ್ನೊಂದು ಟ್ರ್ಯಾಕ್ಟರ್ ಕರೆಸು. ಮರದ ತುಂಡನ್ನು ಚಕ್ರಕ್ಕೆ ಕೊಡಬೇಡ, ಕಟ್ಟಲೂ ಬೇಡ. ಏನನ್ನೇ ಎಳೆಯಬೇಕಾದರೂ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೇ ಹಾಕು, ಆಕ್ಸಲ್ಲಿಗೋ ಟಾಪ್‌ಲಿಂಕ್‌ಗೋ ಬೇಡ. ಎಳೆತದ ಬಿಂದು ಆಕ್ಸಲ್ಲಿಗಿಂತ ಮೇಲೇರಿದರೆ ಎಳೆಯುವ ಬಲವೇ ಮೂತಿಯನ್ನು ಎತ್ತುತ್ತದೆ. ಒಂದು ಸಂಜೆಯಲ್ಲಿ, ನಿಂತ ಟ್ರ್ಯಾಕ್ಟರಿನ ಪಕ್ಕದಲ್ಲಿ ಹೇಳಿ ತೋರಿಸಬಹುದಾದ ಮಾತುಗಳಿವು. ಹದಿನಾರರ ಹುಡುಗ ಇದನ್ನು ಅಪ್ಪನಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾನೆ, ಏಕೆಂದರೆ ಬಲ ಮತ್ತು ತಿರುಗುವಿಕೆಯ ಪಾಠ ಅವನ ಪುಸ್ತಕದಲ್ಲೇ ಇದೆ.

ಬದುವಿನ ಅಂಚು ಮತ್ತು ನಾಲೆ ಏರಿಯದು ಇನ್ನೊಂದು ಬಗೆ. ಹಳ್ಳ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಚಕ್ರ ಇರಲಿ ಎಂಬುದು ಎಲ್ಲೆಡೆ ಒಪ್ಪಿದ ನಿಯಮ, ನೆಂದ ಮಣ್ಣಾದರೆ ಇನ್ನೂ ದೂರ. ಟ್ರ್ಯಾಕ್ಟರಿಗೆ ಎಡ ಮತ್ತು ಬಲ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುವುದು ಗದ್ದೆಯ ಮೂಲೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲೆಂದು. ಗದ್ದೆಯಿಂದ ರಸ್ತೆಗೆ ಏರುವ ಮುಂಚೆ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಜೋಡಿಸದೆ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ಒಂದು ಪಕ್ಕಕ್ಕೆ ಎಳೆದು ಉರುಳುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿಯಂತೂ ಕೊಲೆಗಡುಕತನ. ನಮ್ಮ ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇಲ್ಲ, ಹಿಂದಿನ ಹೊರೆ ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗಿ ಮಡಚಿಹಾಕುತ್ತದೆ. ಏರುವುದಕ್ಕೆ ಯಾವ ಗೇರ್ ಬೇಕೋ ಇಳಿಯುವುದಕ್ಕೂ ಅದೇ ಗೇರ್ ಇರಲಿ.

ಮಲೆನಾಡಿನ ಮಕ್ಕಳಿಗಾಗಿ ಪವರ್ ಟಿಲ್ಲರಿನ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಸಮನೆಲದಲ್ಲಿ ಎಡಗೈಯ ಸ್ಟೀರಿಂಗ್ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಬಲ ನಿಂತು, ಬಲ ಚಕ್ರ ತಳ್ಳಿ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಎಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ, ಎಡ ಕ್ಲಚ್ ಹಿಡಿದೊಡನೆ ಎಡ ಚಕ್ರ ಆ ತಡೆಯಿಂದ ಬಿಡುಗಡೆಯಾಗಿ ಜೋರಾಗಿ ಉರುಳುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಹೋಗುತ್ತದೆಂದು ನಂಬಿದ ಹುಡುಗ ಬಲಕ್ಕಿರುವ ಕಂದಕಕ್ಕೆ ಹೋಗುತ್ತಾನೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಅಡಿಕೆ ತೋಟಗಳಿಗೆ ಇಳಿಯುವ ದಾರಿಗಳನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಇನ್ನು ಟ್ರ್ಯಾಕ್ಟರಿನಿಂದ ಒಕ್ಕಣೆ ಯಂತ್ರದಂಥವುಗಳಿಗೆ ಬಲ ಒಯ್ಯುವ ಪಿಟಿಒ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಲುಂಗಿಯ ಚುಂಗೋ ದುಪ್ಪಟ್ಟದ ತುದಿಯೋ ತಗುಲಿದರೆ ಕೈ ಬಿಡಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಒಕ್ಕಣೆ ಯಂತ್ರಗಳ ಸುರಕ್ಷತೆಗೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಆದರೂ ಶಾಫ್ಟಿನ ಮೇಲಿನ ಕವಚ ಒಮ್ಮೆ ಮುರಿದರೆ ಮತ್ತೆ ಹಾಕಿಸುವವರು ನಮ್ಮಲ್ಲಿ ಕಡಿಮೆ. ಟ್ರ್ಯಾಕ್ಟರಿನ ಮೇಲೆ ಜಾತ್ರೆಯಲ್ಲಿ ಹಾಕುವಷ್ಟು ದೊಡ್ಡ ಸ್ಪೀಕರ್ ಕಟ್ಟಿಕೊಂಡವನಿಗೆ ಹಿಂದೆ ಯಾರು ಕೂಗಿದರೂ ಕೇಳುವುದಿಲ್ಲ ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ.

ಹುಡುಗ ಎಂದೇ ಬರೆಯುತ್ತಾ ಬಂದೆ. ಹೆಣ್ಣುಮಕ್ಕಳೂ ಈಗ ಟಿಲ್ಲರ್ ಹಿಡಿಯುತ್ತಿದ್ದಾರೆ, ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ. ಕಲಿಸುವಾಗ ಅವರನ್ನು ಹೊರಗಿಡಬಾರದು.

ಬೇರೆ ದೇಶಗಳು ಈ ಪ್ರಶ್ನೆಯನ್ನು ಎದುರಿಸಿಯೇ ಬಂದಿವೆ. ಬ್ರಿಟನ್ನಿನಲ್ಲಿ 1998ರ ನಿಯಮದ ಪ್ರಕಾರ ಕೃಷಿ ಕೆಲಸದ ವೇಳೆ 13 ವರ್ಷದೊಳಗಿನ ಮಕ್ಕಳು ಟ್ರ್ಯಾಕ್ಟರ್ ಓಡಿಸುವುದಿರಲಿ, ಅದರ ಮೇಲೆ ಕೂರುವಂತೆಯೂ ಇಲ್ಲ. ಜರ್ಮನಿಯಲ್ಲಿ 16ಕ್ಕೆ ಕೃಷಿ ಟ್ರ್ಯಾಕ್ಟರಿಗೆಂದೇ ಬೇರೆ ಲೈಸೆನ್ಸ್ ಇದೆ. ಅಮೆರಿಕದಲ್ಲಿ 14-15 ವಯಸ್ಸಿನವರು ಬೇರೆಯವರ ಹೊಲದಲ್ಲಿ ಕೂಲಿಗೆ 20 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರ್ ಓಡಿಸಬೇಕಾದರೆ ತರಬೇತಿಯ ಪ್ರಮಾಣಪತ್ರ ಬೇಕು. ಆದರೆ ಅಪ್ಪ ಅಮ್ಮನ ಸ್ವಂತ ಹೊಲಕ್ಕೆ ಅಲ್ಲಿಯೂ ಈ ನಿಯಮ ತಟ್ಟುವುದಿಲ್ಲ. ಅದಕ್ಕಾಗಿ ಅಲ್ಲಿನ ತಜ್ಞರು 1999ರಲ್ಲಿ ಪೋಷಕರಿಗೆಂದೇ ಕೈಪಿಡಿಯೊಂದನ್ನು ಹೊರತಂದರು: ಯಾವ ಕೆಲಸಕ್ಕೆ ಮಗುವಿನ ಮೈಕಟ್ಟು, ಕಾಲಿನ ಅಳತೆ, ತಿಳಿವಳಿಕೆ ಹೇಗಿರಬೇಕು ಎಂದು ಅದು ಹೇಳುತ್ತದೆ. ಸೀಟಿನಲ್ಲಿ ಪೂರ್ತಿ ಕೂತು ಕ್ಲಚ್ ಅನ್ನು ತಳದವರೆಗೆ ಒತ್ತಲಾಗದ ಮಗು ಟ್ರ್ಯಾಕ್ಟರಿಗೆ ಸಿದ್ಧವಾಗಿಲ್ಲ. ಇಷ್ಟು ಸಣ್ಣ ಪರೀಕ್ಷೆಯನ್ನೂ ನಾವು ಎಲ್ಲಿಯೂ ಬರೆದಿಟ್ಟಿಲ್ಲ. ಸ್ವೀಡನ್ ಹೊಸ ಟ್ರ್ಯಾಕ್ಟರುಗಳಿಗೆ ಮಗುಚಿದರೆ ಕಾಪಾಡುವ ಉಕ್ಕಿನ ಚೌಕಟ್ಟನ್ನು 1959ರಲ್ಲೇ ಕಡ್ಡಾಯ ಮಾಡಿತು. 1957ರಲ್ಲಿ ಲಕ್ಷ ಟ್ರ್ಯಾಕ್ಟರಿಗೆ 12 ಇದ್ದ ಮಗುಚಿ ಸಾಯುವವರ ಸಂಖ್ಯೆ 1990ರ ಹೊತ್ತಿಗೆ 0.2ಕ್ಕೆ ಇಳಿಯಿತು. ನಮ್ಮಲ್ಲಿ ಬಿಸಿಲಿಗೆಂದು ಹಾಕಿಸುವ ತಗಡಿನ ಛಾವಣಿ ಆ ಚೌಕಟ್ಟಲ್ಲ, ಅದನ್ನು ನಂಬಿ ಕೂರಬಾರದೆಂದು ಮಕ್ಕಳಿಗೆ ಹೇಳುವವರು ಬೇಕು.

ಅಪ್ರಾಪ್ತರಿಗೆ ಸರ್ಕಾರವೇ ಕಲಿಸಿದರೆ ಕಾನೂನು ಮುರಿಯಲು ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೇ, ಮಕ್ಕಳನ್ನು ದುಡಿಮೆಗೆ ತಳ್ಳಿದಂತಾಗುವುದಿಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಕೇಳುತ್ತಿರುವುದು ಬೇಲಿ ಹಾಕಿದ ಮೈದಾನದಲ್ಲಿ, ಪೋಷಕರ ಎದುರಿಗೆ, ತರಬೇತುದಾರರ ಕಣ್ಣಳತೆಯಲ್ಲಿ ನಡೆಯುವ ಪಾಠ. ಅಲ್ಲಿ ಕೊಡುವ ಪ್ರಮಾಣಪತ್ರ ರಸ್ತೆಗೆ ಲೈಸೆನ್ಸ್ ಅಲ್ಲ ಎಂದು ಅದರ ಮೇಲೆಯೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿ. 14 ತುಂಬಿದವರಿಗೆ ನೆಲದ ಮೇಲಿನ ಪಾಠ ಮಾತ್ರ: ಎಲ್ಲಿ ನಿಲ್ಲಬಾರದು, ಮಡ್‌ಗಾರ್ಡ್ ಮೇಲೆ ಏಕೆ ಕೂರಬಾರದು, ಎಂಜಿನ್ ಹೇಗೆ ಆರಿಸಬೇಕು. ಸೀಟಿನ ಮೇಲೆ ಕೂರುವುದು 16ರ ನಂತರ, ಅದೂ ಅಳತೆಗೆ ಸರಿಹೊಂದಿದರೆ. ಹದಿಮೂರರ ಮಗನನ್ನು ಟಿಲ್ಲರಿಗೆ ಹಚ್ಚುವ ಅಪ್ಪನಿಗೆ ಬೇಡ ಎಂದು ಹೇಳುವ ಧೈರ್ಯವೂ ಇಂಥ ಪಾಠದಿಂದಲೇ ಬರುತ್ತದೆ. ಸರ್ಕಾರ ಒಂದು ವಯಸ್ಸನ್ನು ಹೇಳಿದರೆ ಅದಕ್ಕಿಂತ ಚಿಕ್ಕವನನ್ನು ತಡೆಯಲು ಅವ್ವನ ಕೈಗೆ ಒಂದು ಮಾತು ಸಿಕ್ಕಂತಾಗುತ್ತದೆ.

ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳಿವೆ, ಹೋಬಳಿಗೆ ರೈತ ಸಂಪರ್ಕ ಕೇಂದ್ರವಿದೆ, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ತರಬೇತುದಾರರನ್ನು ತಯಾರು ಮಾಡಲು ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಸಂಸ್ಥೆಯೇ ಇದೆ. ಬಳ್ಳಾರಿಯವರಿಗೂ ಪಾವಗಡದವರಿಗೂ ಅದು ಬೆಂಗಳೂರಿಗಿಂತ ಹತ್ತಿರ. ಏಪ್ರಿಲ್-ಮೇ ರಜೆಯಲ್ಲಿ, ಮುಂಗಾರಿನ ಉಳುಮೆ ಬಿರುಸಾಗುವ ಮುಂಚೆ, ಹೋಬಳಿಗೊಂದು ಶಿಬಿರ ನಡೆಸಿದರೆ ಯಂತ್ರಗಳೂ ಸಿಗುತ್ತವೆ, ಮಕ್ಕಳೂ ಸಿಗುತ್ತಾರೆ.

ಮಕ್ಕಳು ಬರುತ್ತಾರೆಯೇ ಎಂಬ ಅನುಮಾನ ನನಗಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗೆ ಸೇರುವ ಜನ ನೋಡಿ. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ನೇರವಾಗಿ ಓಡಿಸುವುದು ನಿಜವಾದ ಕೌಶಲ, ಆ ಯುವಕರ ಕೈ ಮತ್ತು ಕಣ್ಣಿನ ಹದ ಮೆಚ್ಚಬೇಕಾದದ್ದು. ಅದೇ ಹುರುಪು ಮುಂದಿನ ಚಕ್ರ ಎತ್ತಿ ವಿಡಿಯೊ ಮಾಡುವ ಕಡೆಗೆ ಹೊರಳಿದರೆ ಏನಾಗುತ್ತದೆಂಬುದನ್ನು ಪಂಜಾಬ್ ಕಂಡಿದೆ. 2023ರ ಅಕ್ಟೋಬರ್‌ನಲ್ಲಿ ಗುರುದಾಸ್‌ಪುರ ಜಿಲ್ಲೆಯ ಗ್ರಾಮೀಣ ಕ್ರೀಡಾಕೂಟವೊಂದರಲ್ಲಿ ಸಾಹಸ ತೋರಿಸುತ್ತಿದ್ದ ಯುವಕ ತನ್ನದೇ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತ ಮೇಲೆ ಅಲ್ಲಿನ ಸರ್ಕಾರ ಅಂಥ ಪ್ರದರ್ಶನಗಳನ್ನು ನಿಷೇಧಿಸಿತು. ನಾವು ಸಾವಿಗೆ ಕಾಯುವುದು ಬೇಡ. ಜಾತ್ರೆಯ ಸ್ಪರ್ಧೆಗಳಿಗೆ ಇಲಾಖೆಯೇ ಬಹುಮಾನ ಕೊಡಲಿ, ನಿಯಮ ಮಾತ್ರ ನಮ್ಮದಾಗಲಿ: ಬ್ರೇಕ್ ಪೆಡಲ್ ಜೋಡಿಸದವನಿಗೆ ಅಂಕ ಕಡಿತ, ಪಿಟಿಒ ಕವಚ ಇಲ್ಲದ ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ, ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಮೈದಾನದಿಂದ ವಾಪಸ್.

ತಕ್ಷಣ ಆಗಬಹುದಾದ ಕೆಲಸವೊಂದಿದೆ, ಅದಕ್ಕೆ ಶಾಸನಸಭೆಯ ಒಪ್ಪಿಗೆಯೂ ಬೇಡ. ಟಿಲ್ಲರಿಗೂ ಟ್ರ್ಯಾಕ್ಟರಿಗೂ ಇಲಾಖೆ ಸಹಾಯಧನ ಕೊಡುತ್ತದೆ. ಆ ಅರ್ಜಿಯಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೇಳುತ್ತೀರಿ. ಈ ಯಂತ್ರವನ್ನು ಮನೆಯಲ್ಲಿ ಯಾರು ಯಾರು ನಡೆಸುತ್ತಾರೆ, ಅವರ ವಯಸ್ಸೆಷ್ಟು ಎಂದು ಇನ್ನೊಂದು ಸಾಲು ಸೇರಿಸಿ. ಆ ಹೆಸರಿನವರೆಲ್ಲ ಒಂದು ದಿನದ ತರಬೇತಿ ಮುಗಿಸಿದ ಮೇಲೆ ಸಹಾಯಧನದ ಕೊನೆಯ ಕಂತು ಬಿಡುಗಡೆಯಾಗಲಿ. ಸಹಾಯಧನದ ಟ್ರ್ಯಾಕ್ಟರಿಗೆ ಉಕ್ಕಿನ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇರಲೇಬೇಕೆಂಬ ಷರತ್ತೂ ಅದೇ ಸುತ್ತೋಲೆಯಲ್ಲಿ ಬರಲಿ. ಮುಂದಿನ ಸಾಲಿನ ಅರ್ಜಿ ಕರೆಯುವ ಮುಂಚೆ ಈ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ನಮ್ಮ ಹೋಬಳಿಯಲ್ಲಿ ಮೊದಲ ಶಿಬಿರ ಮಾಡುವುದಾದರೆ ಬೆಳೆ ಇಲ್ಲದ ಹೊಲ, ನೆರಳು ಮತ್ತು ಮಧ್ಯಾಹ್ನದ ಊಟದ ಏರ್ಪಾಡನ್ನು ಊರಿನವರೇ ವಹಿಸಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ರೈತ