ಫೈನಾನ್ಸ್ ಓದೋ ಮಗಳು, ತೊಗರಿ ಬೆಳೆಯೋ ಅಪ್ಪ

ಬೆಲೆ ಬೀಳುವ ಭಯವಿದ್ದರೆ ಫ್ಯೂಚರ್ಸ್‌ನಲ್ಲಿ ಮೊದಲೇ ಮಾರಿ ದರ ಗಟ್ಟಿ ಮಾಡ್ಕೋಬೇಕು, ಅದೇ ಹೆಡ್ಜಿಂಗ್. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವ ನನಗೆ ಈ ಪಾಠ ಬಾಯಿಪಾಠ. ಆದರೆ ತೊಗರಿಯ ಫ್ಯೂಚರ್ಸ್ ವಹಿವಾಟನ್ನು ಸರ್ಕಾರ 2007ರಲ್ಲೇ ನಿಲ್ಲಿಸಿದೆ. ತೊಗರಿ ಕಣಜ ಅನ್ನಿಸಿಕೊಂಡ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಅದು ಪರೀಕ್ಷೆಗಷ್ಟೇ ಬರೋ ಪಾಠ!

ರಜೆಗೆ ಜೇವರ್ಗಿಗೆ ಹೋದಾಗ ಅಪ್ಪ ಕೇಳಿದರು, "ಯವ್ವಾ, ಇಷ್ಟೆಲ್ಲಾ ಓದಲತ್ತಿ, ತೊಗರಿ ಈಗ ಮಾರ್ಲೋ, ಇಡ್ಲೋ?"

ಲೆಕ್ಕ ಹಾಕಿದೆ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಗೋದಾಮಿನ ರಸೀದಿ ಮೇಲೆ ಅಷ್ಟೇ ಸಾಲ ತಗೊಂಡು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಅಂತ ಹಿಡಿದರೂ ಮೂರು ತಿಂಗಳಿಗೆ 226 ರೂಪಾಯಿ ಆಯಿತು. ಬಾಡಿಗೆ, ಒಣಗಿ ಇಳಿಯೋ ತೂಕ ಬೇರೆ. ಬೆಲೆ ಅದಕ್ಕಿಂತ ಹೆಚ್ಚು ಏರಿದರೆ ಮಾತ್ರ ಇಟ್ಟದ್ದಕ್ಕೆ ಲಾಭ.

ಅಪ್ಪ ಪೂರಾ ಕೇಳಿ, "ನಿನ್ನ ಫೀಸು ಯಾವಾಗ ಕಟ್ಟೋದದ?" ಅಂದರು. ಅರ್ಧ ಚೀಲ ಆ ವಾರವೇ ಅಡತಿಗೆ ಹೋದವು. ನಮ್ಮ ಪುಸ್ತಕದಲ್ಲಿ ಇದಕ್ಕೆ ಲಿಕ್ವಿಡಿಟಿ ಅಂತಾರೆ.

ಬ್ಯಾಂಕ್ ಸಂದರ್ಶನದಲ್ಲಿ ರಿಸ್ಕ್ ಅಂದ್ರೇನು ಅಂತ ಕೇಳಿದರೆ ಈ ಲೆಕ್ಕವನ್ನೇ ಹೇಳಬೇಕಂತ ಇದ್ದೀನಿ. ಕನ್ನಡದಾಗ ಸರಾಗ ಬರ್ತದ. ಇಂಗ್ಲಿಷಿನಲ್ಲಿ ಹಾಸ್ಟೆಲ್ ಗೆಳತಿಯರ ಮುಂದೆ ದಿನಾ ರಾತ್ರಿ ಹೇಳಿ ರೂಢಿ ಮಾಡ್ಕೊಳ್ಳಲತ್ತೀನಿ.