ಕಿವಿ ಎರಡೇ, ಸ್ಪೀಕರ್ ಏಳಿದ್ದರೇನು?

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಕಂಪ್ಯೂಟರ್ ಇರುವ ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ: ‘ಅಪ್ಪಾ, ಗೇಮಿಂಗ್ ಹೆಡ್‌ಫೋನ್ ಬೇಕು’. ಅಂಗಡಿಗೆ ಹೋದರೆ ಡಬ್ಬಿಗಳ ಮೇಲೆ ಸಂಖ್ಯೆಗಳ ಮೆರವಣಿಗೆ. 7.1 ಸರೌಂಡ್, 50 ಮಿಲಿಮೀಟರ್ ಡ್ರೈವರ್, 40,000 ಹರ್ಟ್ಸ್! ಜತೆಗೆ ಮಿನುಗುವ ಬಣ್ಣದ ದೀಪಗಳು. ದೀಪ ಹೆಚ್ಚಿದಷ್ಟೂ ಬೆಲೆಯೂ ಹೆಚ್ಚು. ಇವುಗಳಲ್ಲಿ ಯಾವುದಕ್ಕೆ ಅರ್ಥವಿದೆ, ಯಾವುದು ಬರೀ ಅಲಂಕಾರ? ಅಂಗಡಿಯವರನ್ನು ಕೇಳುವ ಮೊದಲು ಸ್ವಂತ ಕಿವಿಗಳನ್ನೇ ಕೇಳಿ ನೋಡುವುದು ಲೇಸು.

ಮಕ್ಕಳ ಬೇಡಿಕೆ ಕೇವಲ ಶೋಕಿಯದ್ದಲ್ಲ ಎಂಬುದನ್ನು ಪಾಲಕರು ಮೊದಲು ಒಪ್ಪಿಕೊಳ್ಳಬೇಕು. ‘ಕೌಂಟರ್ ಸ್ಟ್ರೈಕ್ 2’ರಂಥ ಆಟದಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ಎದುರಾಳಿ ಓಡಿದರೆ ಅವನ ಹೆಜ್ಜೆಯ ಸಪ್ಪಳ ಗೋಡೆಯ ಆಚೆಗೂ ಕೇಳುತ್ತದೆ. ಮೆಲ್ಲಗೆ ನಡೆದರೆ ಕೇಳುವುದಿಲ್ಲ. ಸಪ್ಪಳ ಎಡಗಡೆಯದೋ ಬಲಗಡೆಯದೋ ಎಂದು ತಿಳಿದವನು ಗೆಲ್ಲುತ್ತಾನೆ. ಮಾನಿಟರ್‌ನಲ್ಲೇ ಅಡಗಿರುವ ಪುಟ್ಟ ಸ್ಪೀಕರ್‌ಗಳಿಂದ ಇದು ಸಾಧ್ಯವಾಗದು. ಹಾಗಾದರೆ ಕಿವಿಗೆ ದಿಕ್ಕು ತಿಳಿಯುವುದು ಹೇಗೆ?

ಮಾಡಿ ನೋಡಿ

ಒಬ್ಬರು ಕಣ್ಣು ಮುಚ್ಚಿ ಕುರ್ಚಿಯ ಮೇಲೆ ಕೂರಲಿ. ಇನ್ನೊಬ್ಬರು ಸದ್ದಿಲ್ಲದೆ ಸುತ್ತ ಸುಳಿದಾಡುತ್ತ ಬೀಗದ ಕೈ ಗೊಂಚಲನ್ನು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಅಲ್ಲಾಡಿಸಲಿ. ಕುಳಿತವರು ಸದ್ದು ಬಂದ ಕಡೆಗೆ ಬೆರಳು ತೋರಿಸಬೇಕು. ಎಡ ಬಲಗಳನ್ನು ಗುರುತಿಸುವುದು ಸುಲಭ. ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಮತ್ತೆ ಆಡಿದರೆ ತಪ್ಪುಗಳು ಹೆಚ್ಚುತ್ತವೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸದ್ದು ಬಲಗಡೆಯಿಂದ ಬಂದರೆ ಅದು ತಲೆಯನ್ನು ಬಳಸಿಕೊಂಡು ಎಡಕಿವಿ ಸೇರಲು 20 ಸೆಂಟಿಮೀಟರಿಗಿಂತ ತುಸು ಹೆಚ್ಚು ದಾರಿ ಸಾಗಬೇಕು. ಅದಕ್ಕೆ ಹಿಡಿಯುವ ಹೆಚ್ಚಿನ ಕಾಲ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಸುಮಾರು 0.6 ಮಿಲಿಸೆಕೆಂಡು. ಮೆದುಳು ಇಷ್ಟು ಸಣ್ಣ ಅಂತರವನ್ನೂ ಅಳೆಯುತ್ತದೆ. ಜತೆಗೆ ತಲೆಯೇ ಅಡ್ಡ ಬರುವುದರಿಂದ ದೂರದ ಕಿವಿಗೆ ಕೀರಲು ಸದ್ದುಗಳು ತಗ್ಗಿ ಕೇಳುತ್ತವೆ. ಭಾರಿ ದನಿಗಳ ದಿಕ್ಕಿಗೆ ಕಾಲದ ವ್ಯತ್ಯಾಸ, ಕೀರಲು ದನಿಗಳ ದಿಕ್ಕಿಗೆ ತೀವ್ರತೆಯ ವ್ಯತ್ಯಾಸ ಆಧಾರ ಎಂಬ ವಿವರಣೆಯನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ 1907ರಲ್ಲೇ ಮುಂದಿಟ್ಟಿದ್ದರು.

ಸದ್ದು ನೇರ ಮುಂದಿನಿಂದ ಅಥವಾ ನೇರ ಹಿಂದಿನಿಂದ ಬಂದರೆ? ಆಗ ಎರಡು ಕಿವಿಗಳಿಗೂ ಏಕಕಾಲಕ್ಕೆ ತಲಪುತ್ತದೆ. ಇಲ್ಲಿ ನೆರವಿಗೆ ಬರುವುದು ಹೊರಕಿವಿಯ ಮಡಿಕೆಗಳು. ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬರುವ ಸದ್ದಿಗೆ ಅವು ಬೇರೆ ಬೇರೆ ಬಣ್ಣ ಕೊಡುತ್ತವೆ. ಮೆದುಳು ಹುಟ್ಟಿದಂದಿನಿಂದ ಈ ಪಾಠ ಕಲಿಯುತ್ತ ಬಂದಿದೆ.

7.1 ಎಂಬ ಮಾಯೆ

ಈಗ ಡಬ್ಬಿಯ ಮೇಲಿನ ‘7.1’ಕ್ಕೆ ಬರೋಣ. ಕೋಣೆಯ ಸುತ್ತ ಏಳು ಸ್ಪೀಕರ್, ಗುಡುಗಿನ ಸದ್ದಿಗೆ ಇನ್ನೊಂದು. ಇದು ಆ ಸಂಖ್ಯೆಯ ಮೂಲ ಅರ್ಥ. ಆದರೆ 7.1 ಎಂದು ಬರೆದ ಬಹುಪಾಲು ಹೆಡ್‌ಫೋನ್‌ಗಳ ಒಳಗೆ ಕಿವಿಗೊಂದರಂತೆ ಎರಡೇ ಸ್ಪೀಕರ್‌ಗಳಿರುತ್ತವೆ. ಉಳಿದದ್ದೆಲ್ಲ ಸಾಫ್ಟ್‌ವೇರ್‌ನ ಲೆಕ್ಕಾಚಾರ. ತಲೆ ಮತ್ತು ಹೊರಕಿವಿ ಶಬ್ದವನ್ನು ಹೇಗೆ ಮಾರ್ಪಡಿಸುತ್ತವೆ ಎಂದು ಮೊದಲೇ ಅಳೆದಿಟ್ಟು, ಅದೇ ಮಾರ್ಪಾಟನ್ನು ಕಂಪ್ಯೂಟರ್ ಎರಡು ಕಿವಿಗಳ ಸದ್ದಿಗೆ ಬೆರೆಸುತ್ತದೆ. ಇದಕ್ಕೆ ಎಚ್‌ಆರ್‌ಟಿಎಫ್ ಎಂದು ಹೆಸರು.

ಈ ಲೆಕ್ಕಾಚಾರಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಡಬೇಕಾಗಿಲ್ಲ. ಕೌಂಟರ್ ಸ್ಟ್ರೈಕ್‌ನ ಹಿಂದಿನ ಆವೃತ್ತಿಗೆ 2016ರಲ್ಲೇ ಇದನ್ನು ಸೇರಿಸಲಾಗಿತ್ತು. ವಿಂಡೋಸ್ 10 ಮತ್ತು 11ರಲ್ಲಿ ‘ವಿಂಡೋಸ್ ಸೋನಿಕ್’ ಎಂಬ ಸೌಲಭ್ಯ ಉಚಿತವಾಗಿ ಇದೆ. ಒಂದೇ ಎಚ್ಚರಿಕೆ: ಆಟದಲ್ಲೇ ಈ ಲೆಕ್ಕಾಚಾರ ನಡೆಯುತ್ತಿದ್ದರೆ ಹೆಡ್‌ಫೋನ್‌ನ 7.1 ಮತ್ತು ವಿಂಡೋಸ್‌ನ ಸೌಲಭ್ಯ ಎರಡನ್ನೂ ಆರಿಸಿಡಬೇಕು. ಒಮ್ಮೆ ಸೋಸಿದ ಕಾಫಿಯ ಚರಟಕ್ಕೆ ಮತ್ತೆ ನೀರು ಹೊಯ್ದಂತೆ, ಎರಡು ಸಲ ಲೆಕ್ಕ ಹಾಕಿದರೆ ದಿಕ್ಕು ಮಸುಕಾಗುತ್ತದೆ.

ಉಳಿದ ಸಂಖ್ಯೆಗಳ ಕತೆಯೂ ಹೆಚ್ಚುಕಡಿಮೆ ಇಷ್ಟೇ. ಮನುಷ್ಯನ ಕಿವಿಯ ಮೇಲ್ಮಿತಿ ಎಳೆಯ ವಯಸ್ಸಿನಲ್ಲೂ ಸುಮಾರು 20,000 ಹರ್ಟ್ಸ್. ಅಪ್ಪಂದಿರ ವಯಸ್ಸಿಗೆ ಅದು ಇನ್ನೂ ಕೆಳಗಿಳಿದಿರುತ್ತದೆ. 40,000 ಹರ್ಟ್ಸ್ ಬಾವಲಿಗಳಿಗೆ ಉಪಯೋಗವಾದೀತು. 50 ಮಿಲಿಮೀಟರ್ ಡ್ರೈವರ್ 40 ಮಿಲಿಮೀಟರಿನದಕ್ಕಿಂತ ಚೆನ್ನಾಗಿಯೇ ನುಡಿಯಬೇಕೆಂಬ ನಿಯಮವೂ ಇಲ್ಲ.

ನೋಡಬೇಕಾದದ್ದು ಏನು?

ಎರಡು ಸಾವಿರ ರೂಪಾಯಿಯೊಳಗೆ ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಿದರೆ ಸಾಕು.

ಮೊದಲನೆಯದು ಕಿವಿಯ ಬಟ್ಟಲು. ಹಿಂಬದಿ ಮುಚ್ಚಿದ, ಇಡೀ ಕಿವಿಯನ್ನು ಆವರಿಸುವ ಹೆಡ್‌ಫೋನ್ ಮನೆಗೆ ವಾಸಿ. ಮಿಕ್ಸಿ, ಕುಕ್ಕರಿನ ಸೀಟಿ, ಫ್ಯಾನಿನ ಗಾಳಿ ಇವುಗಳ ಸದ್ದನ್ನು ಅದು ಸ್ವಲ್ಪ ತಡೆಯುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಧರಿಸಿ ನೋಡಬೇಕು. ಕನ್ನಡಕದವರು ಕನ್ನಡಕದ ಸಮೇತ. ಒತ್ತಿದರೆ, ಭಾರವೆನಿಸಿದರೆ ಬೇಡ. ಕಿವಿಯ ಮೆತ್ತೆ ಬದಲಿಸಲು ಬರುವಂತಿದ್ದರೆ ಬಾಳಿಕೆ ಹೆಚ್ಚು.

ಎರಡನೆಯದು ತಂತಿ. ಆಟಕ್ಕೆ ತಂತಿಯ ಹೆಡ್‌ಫೋನೇ ಅಗ್ಗ, ಅದೇ ಉತ್ತಮ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ಬರುವುದುಂಟು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ 68 ಮೀಟರ್ ಸಾಗಿರುತ್ತದೆ! ಬ್ಲೂಟೂತ್‌ನಲ್ಲಿ ಮೈಕ್ ಬಳಸತೊಡಗಿದ ಕೂಡಲೇ ಕೇಳುವ ಸದ್ದಿನ ಗುಣಮಟ್ಟವೂ ಬಹಳ ಸಲ ಇಳಿದುಹೋಗುತ್ತದೆ. ತಂತಿ ಬೇಡವೇ ಬೇಡ ಎನ್ನುವವರು ಯುಎಸ್‌ಬಿ ಡಾಂಗಲ್ ಜತೆಗೆ ಬರುವ 2.4 ಗಿಗಾಹರ್ಟ್ಸ್ ಮಾದರಿ ಕೊಳ್ಳಬೇಕು. ಅದಕ್ಕೆ ಬೆಲೆ ಹೆಚ್ಚು.

ಮೂರನೆಯದು ಪಿನ್ನು. 3.5 ಮಿಲಿಮೀಟರ್ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ಮೈಕ್ ಮತ್ತು ಹೆಡ್‌ಫೋನ್ ಎರಡೂ ಒಂದರಲ್ಲೇ ಇವೆ ಎಂದರ್ಥ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಅದು ಸರಿಹೊಂದುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಹಸಿರು, ಗುಲಾಬಿ ಎಂದು ಬೇರೆ ಬೇರೆ ಸಾಕೆಟ್‌ಗಳಿದ್ದರೆ ಕವಲೊಡೆದ ಅಡಾಪ್ಟರ್ ಬೇಕು. ಇದು ಗೊತ್ತಿಲ್ಲದೆ ‘ಮೈಕ್ ಕೆಟ್ಟಿದೆ’ ಎಂದು ಹೆಡ್‌ಫೋನ್ ವಾಪಸ್ ಕೊಡುವವರಿದ್ದಾರೆ.

ಇಂಪಿಡೆನ್ಸ್ 32 ಓಮ್‌ನ ಆಸುಪಾಸಿನಲ್ಲಿದ್ದರೆ ಕಂಪ್ಯೂಟರ್ ಅದನ್ನು ಸರಾಗವಾಗಿ ನುಡಿಸುತ್ತದೆ. 250 ಓಮ್‌ನದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುತ್ತದೆ. ಆ ಖರ್ಚಿನ ಗೊಡವೆ ಬೇಡ. ಸೌಂಡ್ ಕಾರ್ಡ್ ಕೂಡ ಬೇಡ. ಮುಂದಿನ ಸಾಕೆಟ್‌ನಲ್ಲಿ ‘ಸುಂಯ್’ ಎಂಬ ಸದ್ದು ಕೇಳಿದರೆ ಹಿಂದಿನ ಹಸಿರು ಸಾಕೆಟ್‌ಗೆ ಸಿಕ್ಕಿಸಬೇಕು. ಆಗಲೂ ಹೋಗದಿದ್ದರೆ ಮಾತ್ರ ಚಿಕ್ಕದೊಂದು ಯುಎಸ್‌ಬಿ ಸೌಂಡ್ ಅಡಾಪ್ಟರ್ ಕೊಂಡರಾಯಿತು.

ಹಣಕ್ಕಿಂತ ದೊಡ್ಡ ಲೆಕ್ಕ

ಕೊಂಡದ್ದಾಯಿತು. ಇನ್ನು ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ಓದಬೇಕಾದ ಭಾಗ. ಆಟದಲ್ಲಿ ಹೆಜ್ಜೆಯ ಸಪ್ಪಳ ಬಲು ಮೆಲು, ಗುಂಡಿನ ಸದ್ದು ಬಲು ಜೋರು. ಸಪ್ಪಳ ಕೇಳಲೆಂದು ವಾಲ್ಯೂಮ್ ಏರಿಸಿದರೆ ಗುಂಡಿನ ಸದ್ದೂ ಅಷ್ಟೇ ಏರಿ ಕಿವಿಗೆ ಬಡಿಯುತ್ತದೆ.

ಒಳಕಿವಿಯ ಶಂಖದಂಥ ಭಾಗದಲ್ಲಿ ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಅತಿ ಜೋರಾದ ಸದ್ದಿಗೆ ಇವು ಸಾಯುತ್ತವೆ. ಕೋಳಿಯ ಕಿವಿಯಲ್ಲಿ ಹೀಗೆ ಸತ್ತ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಹದಿನಾರರಲ್ಲಿ ಕಳೆದುಕೊಂಡದ್ದು ಅರವತ್ತರಲ್ಲೂ ಬಾರದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಎಂಬ ಮಿತಿ ಇದೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ. ಆದ್ದರಿಂದ ಕೇಳಬಹುದಾದ ಕಾಲ ಅರ್ಧ. ಮಕ್ಕಳಿಗೆ 78ರಲ್ಲಿ 20 ಗಂಟೆ, 81ರಲ್ಲಿ 10, 84ರಲ್ಲಿ 5, 87ರಲ್ಲಿ ಇಡೀ ವಾರಕ್ಕೆ ಎರಡೂವರೆ ಗಂಟೆ ಮಾತ್ರ. ರಜೆಯಲ್ಲಿ ಎರಡೂವರೆ ಗಂಟೆ ಒಂದೇ ಮಧ್ಯಾಹ್ನದಲ್ಲಿ ಕಳೆದುಹೋಗುತ್ತದೆ.

ಮುಚ್ಚಿದ ಬಟ್ಟಲಿನ ಹೆಡ್‌ಫೋನ್‌ಗೆ ಇಷ್ಟು ಮಹತ್ವ ಇದಕ್ಕಾಗಿಯೇ. ಹೊರಗಿನ ಗದ್ದಲ ತಗ್ಗಿದರೆ ವಾಲ್ಯೂಮ್ ಏರಿಸುವ ಆಸೆಯೂ ತಗ್ಗುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಸಂಗೀತವನ್ನು ಆರಿಸಿದರೆ ಸಪ್ಪಳ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ವಾಲ್ಯೂಮ್ ಗರಿಷ್ಠದ ಶೇಕಡ 60 ಮೀರದಿರಲಿ, ಗಂಟೆಗೊಮ್ಮೆ ಕಿವಿಗೆ ಬಿಡುವಿರಲಿ.

ಮಗ ಅಥವಾ ಮಗಳು ಆಡುತ್ತಿರುವಾಗ ಅಪ್ಪನೋ ಅಮ್ಮನೋ ವಾಲ್ಯೂಮ್ ಮುಟ್ಟದೆ ಆ ಹೆಡ್‌ಫೋನನ್ನು ಒಂದು ನಿಮಿಷ ಹಾಕಿಕೊಂಡು ಕೇಳಲಿ. ಬೈಯುವುದಕ್ಕಲ್ಲ, ಸದ್ದು ಎಷ್ಟಿದೆ ಎಂದು ತಿಳಿಯುವುದಕ್ಕೆ. ಆಟ ಮುಗಿದ ಮೇಲೆ ಮಕ್ಕಳ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಸದ್ದು ಅತಿಯಾಗಿತ್ತು ಎಂದೇ ಅರ್ಥ. ಮರುದಿನ ಎರಡು ಮೆಟ್ಟಿಲು ಇಳಿಸಿ ಆಡಬೇಕು. ಆ ಸದ್ದು ದಿನಗಟ್ಟಲೆ ನಿಲ್ಲದಿದ್ದರೆ ಕಿವಿಯ ವೈದ್ಯರಿಗೆ ತೋರಿಸಲು ತಡಮಾಡಬಾರದು.